ಹೊರನಾಡಿನ ಸಸ್ಯಗಳಿಗೆ ನಿರ್ಬಂಧ: ವ್ಯಾಪಾರಕ್ಕೆ ತೊಡಕೇ, ರಕ್ಷಣೆಯೇ?

ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲು ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯದಿಂದ ಪ್ರಸಿದ್ಧ. ನಾಡಿನ ಇತರ ಊರುಗಳಂತೆ ಈ ಸೀಮೆಯಲ್ಲೂ ಮಳೆ ಬಿದ್ದೊಡನೆ ರಸ್ತೆಯ ಅಂಚು, ಬೀಳು ಭೂಮಿಗಳಲ್ಲಿ ಬಿಳಿ ಹೂವಿನ ಗಿಡವೊಂದು ತಲೆಯೆತ್ತುತ್ತದೆ. ಅದೇ ಪಾರ್ಥೇನಿಯಂ, ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. ಹೊರನಾಡಿನ ಸಸ್ಯಗಳನ್ನು ನಿರ್ಬಂಧಿಸಬೇಕೆ ಎಂಬ ಚರ್ಚೆಗೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ತಡವಾಗಿ ಬಂದ ಕಾನೂನು

ಅಮೆರಿಕ ಖಂಡದ ಈ ಕಳೆ 1955ರ ಸುಮಾರಿಗೆ ಪುಣೆಯಲ್ಲಿ ಕಂಡುಬಂದಿತು. ಆಮದಾದ ಗೋಧಿಯೊಡನೆ ಇದರ ಬೀಜ ಬಂದಿತೆಂಬುದು ವ್ಯಾಪಕ ಅಭಿಪ್ರಾಯ. ಒಂದು ಗಿಡ ಸಾವಿರಾರು ಬೀಜಗಳನ್ನು ಉದುರಿಸುತ್ತದೆ. ಬೆಳೆಗೂ ಮೇವಿಗೂ ಹಾನಿ, ಮನುಷ್ಯರಿಗೆ ಚರ್ಮರೋಗ ಹಾಗೂ ಉಬ್ಬಸ. ಕರ್ನಾಟಕ ಸರ್ಕಾರ 1975ರಲ್ಲಿ ಇದನ್ನು ಹಾನಿಕಾರಕ ಕಳೆಯೆಂದು ಘೋಷಿಸಿತು. ಅಷ್ಟರಲ್ಲಿ ಇಪ್ಪತ್ತು ವರ್ಷಗಳು ಕಳೆದಿದ್ದವು. ಇದನ್ನು ತಿನ್ನುವ ಜೀರುಂಡೆಯನ್ನು 1983ರಲ್ಲಿ ಮೆಕ್ಸಿಕೊದಿಂದ ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಅದು ಸೂರ್ಯಕಾಂತಿಯ ಎಲೆಯನ್ನೂ ಕಡಿಯುತ್ತದೆಂಬ ಆಕ್ಷೇಪ ಬಳಿಕ ಎದ್ದಿತು. ಕಳೆ ಇಂದಿಗೂ ಉಳಿದಿದೆ.

ವರ್ತಕರ ಆತಂಕ

ಹಾಗೆಂದು ಪರದೇಶದ ಸಸ್ಯವೆಲ್ಲವೂ ಶತ್ರುವಲ್ಲ. ಮೆಣಸಿನಕಾಯಿ, ಟೊಮೆಟೊ, ಕಡಲೆಕಾಯಿ, ಮುಸುಕಿನ ಜೋಳ ಇವೆಲ್ಲವೂ ಅಮೆರಿಕದಿಂದಲೇ ಬಂದವು. ಹುಟ್ಟಿದ ನಾಡನ್ನೇ ಮಾನದಂಡವಾಗಿಸಿದರೆ ಸಂತೆಯ ಅರ್ಧ ಮಳಿಗೆಗಳು ಮುಚ್ಚಬೇಕಾದೀತು. ಬೀಜದ ವ್ಯಾಪಾರಿಗಳು, ಸಸಿ ಬೆಳೆಸುವವರು ಸಾರಾಸಗಟು ನಿಷೇಧಕ್ಕೆ ಅಂಜುವುದು ಸಹಜ. ಆದರೆ ಅಲಂಕಾರಕ್ಕೆಂದು ತಂದ ಲಂಟಾನ ಇಂದು ಬಂಡೀಪುರದ ಕಾಡಿನಲ್ಲಿ ಹಬ್ಬಿ ಹುಲ್ಲನ್ನು ಅಡಗಿಸಿರುವುದನ್ನೂ ಮರೆಯುವಂತಿಲ್ಲ.

ಎರಡು ದಾರಿಗಳು

ಅಪಾಯ ರುಜುವಾತಾದ ಸಸ್ಯಗಳ ಪಟ್ಟಿ ಮಾಡಿ ಅವನ್ನಷ್ಟೇ ತಡೆಯುವುದು ಒಂದು ವಿಧಾನ. ಇದರಲ್ಲಿ ವ್ಯಾಪಾರ ಸುಗಮ. ಆದರೆ ಪಟ್ಟಿಗೆ ಸೇರುವ ಹೊತ್ತಿಗೆ ಕಳೆ ಹೊಲಕ್ಕೆ ಇಳಿದಿರುತ್ತದೆ. ಹೊಸ ಸಸ್ಯವನ್ನು ಮೊದಲೇ ಪರೀಕ್ಷಿಸಿ ಒಳಬಿಡುವುದು ಇನ್ನೊಂದು. ಆಸ್ಟ್ರೇಲಿಯಾ 1997ರಿಂದ ಈ ಕ್ರಮವನ್ನು ಅನುಸರಿಸುತ್ತಿದೆ. ಭಾರತದಲ್ಲಿಯೂ 2003ರ ಸಸ್ಯ ಸಂಪರ್ಕನಿಷೇಧ ಆದೇಶವು ಆಮದಿಗೆ ಪರವಾನಗಿ, ರಫ್ತು ಮಾಡುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಹಾಗೂ ಪಟ್ಟಿಯಲ್ಲಿಲ್ಲದ ಸಸ್ಯಗಳಿಗೆ ಅಪಾಯ ವಿಶ್ಲೇಷಣೆಯನ್ನು ವಿಧಿಸಿದೆ.

ಬಂದರಿನಲ್ಲಿ ತಪಾಸಣೆಯ ವೆಚ್ಚ ಆಮದುದಾರನದು. ತಪಾಸಣೆ ತಪ್ಪಿದರೆ ಕಳೆ ಕೀಳುವ ಕೂಲಿ ತಲೆತಲಾಂತರಕ್ಕೆ ರೈತನದು. ರೈತನ ಕೈಯಲ್ಲಿ ಕಾಸಿಲ್ಲದಿದ್ದರೆ ಪೇಟೆಯ ವಹಿವಾಟೂ ಇಲ್ಲ. ಆದ್ದರಿಂದ ವರ್ತಕ ಸಮುದಾಯವು ತಪಾಸಣೆಯನ್ನು ವಿರೋಧಿಸುವ ಬದಲು, ಅದು ಸ್ಪಷ್ಟ ನಿಯಮಗಳಂತೆ, ಗೊತ್ತಾದ ಅವಧಿಯೊಳಗೆ ಮುಗಿಯಬೇಕೆಂದು ಒತ್ತಾಯಿಸುವುದೇ ಲಾಭದಾಯಕ.