ಉತ್ತರ ಬಾರದ ದಿನಗಳ ಲೆಕ್ಕ

ಸಂಜೆಯ ಹೊತ್ತು ಧಾರವಾಡದ ಸಪ್ತಾಪುರದಲ್ಲಿ ನಡೆದುಹೋದರೆ, ಸ್ಪರ್ಧಾ ಪರೀಕ್ಷೆಗಳಿಗೆ ಓದುತ್ತಿರುವ ತರುಣರು ಚಹದ ಅಂಗಡಿಗಳ ಮುಂದೆ ಗುಂಪುಗೂಡಿರುವುದನ್ನು ಕಾಣುತ್ತೇವೆ. ಅವರ ಮಾತಿನಲ್ಲಿ ಮತ್ತೆ ಮತ್ತೆ ಕೇಳಿಬರುವ ಕೊರಗು ಒಂದೇ: “ಅರ್ಜಿ ಹಾಕಿ ಎಷ್ಟ ದಿನಾ ಆತು, ಇನ್ನೂ ಏನೂ ಸುದ್ದಿನ ಇಲ್ಲಲ್ಲೋ!”

ಉತ್ತರ ಬಾರದಿದ್ದರೆ ‘ನಾವು ತಿರಸ್ಕೃತರಾದೆವು’ ಎಂದು ಭಾವಿಸುವುದು ಮನುಷ್ಯಸಹಜ. ಆದರೆ ಈ ಮೌನಕ್ಕೂ ಒಂದು ಗಣಿತವುಂಟು.

ಮೊದಲು ಸರತಿಯ ವಿಚಾರವನ್ನು ನೋಡೋಣ. ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞನು 1909ರಲ್ಲಿ ದೂರವಾಣಿ ಕರೆಗಳನ್ನು ಕುರಿತು ಪ್ರಕಟಿಸಿದ ಲೇಖನದಿಂದ ‘ಸರತಿ ಸಿದ್ಧಾಂತ’ವು ಬೆಳೆಯಿತು. ಅದರ ಮೂಲತತ್ತ್ವ ಸರಳವಾದುದು: ಕಾಯುವ ಅವಧಿಯು ನಮ್ಮ ಮುಂದಿರುವ ಕೆಲಸದ ರಾಶಿಯನ್ನೂ ಅದು ಕರಗುವ ವೇಗವನ್ನೂ ಅವಲಂಬಿಸಿದೆ. ಒಂದು ಕಚೇರಿಗೆ 600 ಅರ್ಜಿಗಳು ಬಂದು, ದಿನಕ್ಕೆ 40ರಂತೆ ಪರಿಶೀಲನೆ ನಡೆದರೆ, ಕೊನೆಯ ಅರ್ಜಿಯ ಸರದಿ 15ನೆಯ ದಿನ ಬರುವುದು. ಈ ವಿಳಂಬಕ್ಕೂ ಅರ್ಜಿದಾರನ ಯೋಗ್ಯತೆಗೂ ಯಾವ ಸಂಬಂಧವೂ ಇಲ್ಲ.

ರಾಶಿಯು ಎಷ್ಟು ದೊಡ್ಡದಾಗಬಹುದು? ಹುಬ್ಬಳ್ಳಿಯು 2003ರಿಂದ ನೈಋತ್ಯ ರೈಲ್ವೆಯ ಕೇಂದ್ರಸ್ಥಾನ. ಆದುದರಿಂದ ರೈಲ್ವೆಯ ನೌಕರಿಯೆಂದರೆ ಇಲ್ಲಿನವರಿಗೆ ಮನೆಯಂಗಳದ ಮಾತು. 2019ರಲ್ಲಿ ಭಾರತೀಯ ರೈಲ್ವೆಯು ತಾಂತ್ರಿಕೇತರ ವರ್ಗದ 35,000ಕ್ಕೂ ಹೆಚ್ಚು ಹುದ್ದೆಗಳಿಗೆ ಅರ್ಜಿ ಕರೆಯಿತು. ಬಂದವು ಸುಮಾರು 1.25 ಕೋಟಿ! ನಡುವೆ ಸಾಂಕ್ರಾಮಿಕ ರೋಗವೂ ಅಡ್ಡಬಂದಿತು. ಮೊದಲ ಹಂತದ ಪರೀಕ್ಷೆಯು 2020ರ ಡಿಸೆಂಬರ್ 28ರಿಂದ 2021ರ ಜುಲೈವರೆಗೆ 133 ಪಾಳಿಗಳಲ್ಲಿ ನಡೆಯಿತು. ಅರ್ಜಿಗಳನ್ನು ಸಮನಾಗಿ ಹಂಚಿದರೆ ಪಾಳಿಯೊಂದಕ್ಕೆ ಸುಮಾರು 94,000 ಮಂದಿ. ಪಾಳಿಗೊಂದು ಪ್ರಶ್ನಪತ್ರಿಕೆ ಇದ್ದುದರಿಂದ ಅಂಕಗಳನ್ನು ಒಂದೇ ಅಳತೆಗೆ ತರಬೇಕಾಯಿತು. ಫಲಿತಾಂಶ ಹೊರಬಿದ್ದುದು 2022ರ ಜನವರಿಯಲ್ಲಿ.

ಹಾಗಾದರೆ ಮೌನವು ಏನನ್ನೂ ಹೇಳುವುದಿಲ್ಲವೇ? ಹೇಳುತ್ತದೆ, ಆದರೆ ಮೆಲ್ಲಮೆಲ್ಲನೆ. ಒಂದು ಕಲ್ಪಿತ ದೃಷ್ಟಾಂತವನ್ನು ತೆಗೆದುಕೊಳ್ಳೋಣ. 100 ಅರ್ಜಿದಾರರಲ್ಲಿ 20 ಮಂದಿಗೆ ಸಂದರ್ಶನದ ಕರೆ ಹೋಗಬೇಕಾಗಿದೆ. ವಾರಕ್ಕೆ 5ರಂತೆ ನಾಲ್ಕು ವಾರ ಕರೆಗಳು ಹೊರಡುತ್ತವೆ. ಆರಂಭದಲ್ಲಿ ನಮ್ಮ ಸಂಭವ ಶೇಕಡಾ 20. ಮೊದಲ ವಾರ ಕರೆ ಬಾರದಿದ್ದರೆ, ಉಳಿದ 95 ಮಂದಿಯಲ್ಲಿ ಇನ್ನೂ 15 ಮಂದಿಗೆ ಕರೆ ಬರಬೇಕು. ಸಂಭವ ಸುಮಾರು ಶೇಕಡಾ 16. ಎರಡು ವಾರಗಳ ಬಳಿಕ 11, ಮೂರರ ಬಳಿಕ 6, ನಾಲ್ಕು ವಾರ ಕಳೆದ ಮೇಲೆ ಸೊನ್ನೆ. ಆಸೆಯು ಒಮ್ಮೆಲೇ ಆರುವುದಿಲ್ಲ. ದೀಪದ ಎಣ್ಣೆಯಂತೆ ಇಳಿಯುತ್ತದೆ.

ಆದರೆ ಈ ಲೆಕ್ಕವು ತೊಡಗುವುದು ಅರ್ಜಿ ಹಾಕಿದ ದಿನದಿಂದಲ್ಲ, ಮೊದಲ ಕರೆ ಹೊರಟ ದಿನದಿಂದ ಎಂಬುದನ್ನು ಮರೆಯಬಾರದು. ಅದಕ್ಕೆ ಮುಂಚಿನ ಮೌನವು ಬರಿಯ ಸರತಿ. ಅದರಲ್ಲಿ ನಮ್ಮ ಕುರಿತು ಯಾವ ತೀರ್ಪೂ ಇಲ್ಲ. ಆದುದರಿಂದ ‘ಎಷ್ಟು ದಿನವಾಯಿತು?’ ಎಂದು ಕೊರಗುವ ಬದಲು ‘ಕರೆಗಳು ಹೊರಡತೊಡಗಿವೆಯೇ?’ ಎಂದು ವಿಚಾರಿಸುವುದೇ ಜಾಣತನ.

ಇನ್ನೊಂದು ಮಾತು. ಸರತಿಯು ಎಷ್ಟೇ ನಿಧಾನವಾಗಿ ಸಾಗಲಿ, ವಯೋಮಿತಿಯ ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಒಂದು ಉತ್ತರಕ್ಕಾಗಿ ಕಾಯುತ್ತಿರುವಾಗಲೇ ಮುಂದಿನ ಅರ್ಜಿಯನ್ನು ಬರೆದಿಡುವುದು ಲೇಸು.