ಸಮಾಳದವರ ಹೆಸರೇನು?

ಜಾಝ್‌ನಲ್ಲಿ ಬಡ್ಡಿ ರಿಚ್ ದೊಡ್ಡ ಡ್ರಮ್ಮರನೋ ಮ್ಯಾಕ್ಸ್ ರೋಚ್ ದೊಡ್ಡವನೋ ಎಂಬ ಜಗಳ, 1959ರಲ್ಲಿ ಇಬ್ಬರ ತಂಡಗಳನ್ನೂ ಎದುರುಬದುರು ನಿಲ್ಲಿಸಿ ಧ್ವನಿಮುದ್ರಿಸಿದರೂ ಬಗೆಹರಿಯಲಿಲ್ಲ. ರಾಕ್ ರಸಿಕರಲ್ಲಿ ಬಹುಮಂದಿ, 1980ರಲ್ಲಿ ತೀರಿಕೊಂಡ ಲೆಡ್ ಝೆಪೆಲಿನ್ ತಂಡದ ಜಾನ್ ಬಾನಮ್‌ನತ್ತ ಬೆರಳು ತೋರುತ್ತಾರೆ.

ಇಂಥ ವಾದಗಳನ್ನು ಓದುವಾಗಲೆಲ್ಲ ನನ್ನ ಕಿವಿ ಕೊಟ್ಟೂರು ಗುರುಬಸವೇಶ್ವರನ ತೇರಿನ ಕಡೆ ಹೊರಳುತ್ತದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಸೀಮೆಯಲ್ಲಿಯೂ ಸಮಾಳದವರಲ್ಲಿ ಯಾರ ಕೈ ಮೇಲೆಂಬ ಚರ್ಚೆಗೆ ಬರವಿಲ್ಲ. ಅಳತೆಗೋಲು ಮಾತ್ರ ಬೇರೆ. ಎತ್ತರದ, ಭಾರದ ನಂದಿಕೋಲನ್ನು ಹೊತ್ತು ಕುಣಿಯುವವನ ಹೆಜ್ಜೆಯನ್ನು ಸಮಾಳ ಕಾಯಬೇಕು, ಕೈಚಳಕ ಆಮೇಲಿನದು. ವೇಗ ಮೆರೆಯಹೋಗಿ ಕೋಲನ್ನು ವಾಲಿಸಿದವನು ನನ್ನ ಲೆಕ್ಕದಲ್ಲಿ ವಾದಕನೇ ಅಲ್ಲ. (ಡೊಳ್ಳಿನ ಪಕ್ಷದವರು ಮುನಿಯದಿರಲಿ.) ಹಡಗಲಿ ತಾಲ್ಲೂಕಿನ ಮೈಲಾರದಲ್ಲಂತೂ ಕಾರಣಿಕದ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಡೊಳ್ಳು, ಡಮರುಗಗಳೆಲ್ಲ ನಿಶ್ಶಬ್ದ. ಆ ನಿಲುಗಡೆಯೂ ವಾದನದ ಭಾಗವೇ.

ಬಾನಮ್‌ನ ಪೆಟ್ಟುಗಳು ಇಂದಿಗೂ ಕೇಳಸಿಗುತ್ತವೆ. ನಮ್ಮ ಸಮಾಳದ ಹಿರಿಯರದು? ಮೊಬೈಲ್ ತುಣುಕುಗಳಲ್ಲಿ ತೇರು ಕಾಣುತ್ತದೆ, ನುಡಿಸಿದವರ ಹೆಸರಿರುವುದಿಲ್ಲ. 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಗೆ ಈ ಐದೂ ತಾಲ್ಲೂಕುಗಳು ಸೇರಿವೆ. ಜಿಲ್ಲಾಡಳಿತವು ಜಾತ್ರೆಜಾತ್ರೆಗೂ ವಾದನವನ್ನು ಮುದ್ರಿಸಿ, ವಾದಕರ ಊರು, ಹೆಸರು ಬರೆಸಿಟ್ಟರೆ ಮುಂದಿನವರಿಗೆ ಜಗಳವಾಡುವುದಕ್ಕಾದರೂ ಆಧಾರ ಸಿಕ್ಕೀತು.