ಪ್ರತಿಗಳ ಸಾಮ್ಯದರ್ಶನಕ್ಕೆ ವರ್ಣಕೋಷ್ಟಕ: ರಚನಾಕ್ರಮ ಮತ್ತು ಲುಪ್ತಗರಿಗಳ ಗಣನೆ

ಒಂದು ಗ್ರಂಥಕ್ಕೆ ಐದಾರು ಓಲೆಯ ಪ್ರತಿಗಳು ದೊರೆತಾಗ ಸಂಪಾದಕನು ಮೊದಲು ಕೇಳಬೇಕಾದ ಪ್ರಶ್ನೆ, ಯಾವ ಪ್ರತಿ ಯಾವುದಕ್ಕೆ ಹತ್ತಿರದ್ದು ಎಂಬುದು. ಇದನ್ನು ತಿಳಿಯದೆ ಪಾಠನಿರ್ಣಯಕ್ಕೆ ತೊಡಗಿದರೆ, ಒಂದೇ ಮಾತೃಕೆಯಿಂದ ಇಳಿದುಬಂದ ನಾಲ್ಕು ಪ್ರತಿಗಳು ನಾಲ್ಕು ಸ್ವತಂತ್ರ ಸಾಕ್ಷ್ಯಗಳಂತೆ ತೋರಿ, ಬಹುಮತವೇ ಪ್ರಮಾಣವಾಗುವ ಅನರ್ಥ ಸಂಭವಿಸುತ್ತದೆ. ಈ ನಿಕಟತೆಯನ್ನು ಹಿಂದೆ ಪಾಠಾಂತರಗಳ ಪಟ್ಟಿಯನ್ನು ಓದಿ ಓದಿಯೇ ಊಹಿಸಬೇಕಾಗಿತ್ತು. ಈಗ ಪಟ್ಟಿಯನ್ನು ಗಣಕಯಂತ್ರಕ್ಕೆ ಒಪ್ಪಿಸಿ, ಪ್ರತಿಪ್ರತಿಗಳ ನಡುವಣ ಸಾಮ್ಯವನ್ನು ಬಣ್ಣದ ಚೌಕಗಳಲ್ಲಿ ಒಮ್ಮೆಗೇ ಕಾಣಲು ಸಾಧ್ಯವಿದೆ. ಇಂಥ ಚಿತ್ರಕ್ಕೆ ‘ಹೀಟ್‌ಮ್ಯಾಪ್’ ಎಂದು ಹೆಸರು. ಇದರಲ್ಲಿ ಶಾಖವೂ ಇಲ್ಲ, ನಕ್ಷೆಯೂ ಇಲ್ಲ. ಆದುದರಿಂದ ‘ವರ್ಣಕೋಷ್ಟಕ’ವೆಂದು ಕರೆಯುವುದು ಯುಕ್ತವೆಂದು ನನ್ನ ಅಭಿಪ್ರಾಯ.

ಇದು ಗಣಕಯಂತ್ರದೊಡನೆ ಹುಟ್ಟಿದ ವಿದ್ಯೆಯಲ್ಲ. ತೂಸ್ಸಾಂ ಲೂವಾ ಎಂಬ ಫ್ರೆಂಚ್ ಸಂಖ್ಯಾಶಾಸ್ತ್ರಜ್ಞನು 1873ರಲ್ಲಿ ಪ್ರಕಟಿಸಿದ ಪ್ಯಾರಿಸ್ ಜನಸಂಖ್ಯೆಯ ಅಟ್ಲಾಸಿನಲ್ಲಿ, ಆ ನಗರದ 20 ವಿಭಾಗಗಳ ಅಂಕಿಗಳನ್ನು ಬಣ್ಣ ತುಂಬಿದ ಒಂದೇ ಕೋಷ್ಟಕದಲ್ಲಿ ಸಂಗ್ರಹಿಸಿದ್ದನು. ಇಂದು ಪೈಥಾನ್ ಎಂಬ ಗಣಕಭಾಷೆಯಲ್ಲಿ ಈ ಕೆಲಸಕ್ಕೆ ಸಿದ್ಧಸಾಧನಗಳಿವೆ: ಕೋಷ್ಟಕವನ್ನು ಓದಿ ಎಣಿಸಲು ‘ಪಾಂಡಾಸ್’, ಚಿತ್ರ ಬರೆಯಲು ‘ಮ್ಯಾಟ್‌ಪ್ಲಾಟ್‌ಲಿಬ್’, ಅದರ ಮೇಲೆ ನಿಂತು ವರ್ಣಕೋಷ್ಟಕವನ್ನು ಒಂದೇ ಆಜ್ಞೆಯಿಂದ ಒದಗಿಸುವ ‘ಸೀಬಾರ್ನ್’.

ಮೂಲಕೋಷ್ಟಕದ ರಚನೆ ಸರಳ. ಪಾಠಭೇದವಿರುವ ಒಂದೊಂದು ಸ್ಥಾನಕ್ಕೆ ಒಂದೊಂದು ಅಡ್ಡಸಾಲು, ಒಂದೊಂದು ಪ್ರತಿಗೆ ಒಂದೊಂದು ಕಂಬಸಾಲು. ಅವು ಕೂಡುವ ಮನೆಯಲ್ಲಿ ಆ ಪ್ರತಿಯ ಪಾಠ. ಆದರೆ ಯಂತ್ರಕ್ಕೆ ಲಿಪಿಕಾರರ ಅಭ್ಯಾಸಗಳ ಪರಿಚಯವಿಲ್ಲ. ‘ಧರ್ಮ’ ಮತ್ತು ‘ಧರ್ಮ್ಮ’ ಅದರ ದೃಷ್ಟಿಯಲ್ಲಿ ಎರಡು ಪಾಠಗಳು; ಅನುಸ್ವಾರಕ್ಕೆ ಬದಲು ವರ್ಗಾನುನಾಸಿಕ ಬಂದರೂ ಹಾಗೆಯೇ. ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ಯೂನಿಕೋಡಿನಲ್ಲಿ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎರಡು ಸಂಕೇತಗಳ ಜೋಡಣೆಯಾಗಿಯೂ ದಾಖಲಿಸಬಹುದಾದ್ದರಿಂದ, ಕಣ್ಣಿಗೆ ಅಭಿನ್ನವಾದ ‘ಕೊ’ ಯಂತ್ರಕ್ಕೆ ಭಿನ್ನವಾಗಿ ತೋರುವುದುಂಟು. ಆದುದರಿಂದ ಎಣಿಕೆಗೆ ಮುಂಚೆ ಎಲ್ಲ ಪಾಠಗಳನ್ನೂ ಏಕರೂಪದ ಸಂಕೇತಕ್ಕೆ ತಂದು, ಕೇವಲ ಬರಹದ ವ್ಯತ್ಯಾಸಗಳನ್ನು ಪ್ರತ್ಯೇಕ ಕಂಬಸಾಲಿಗೆ ಸರಿಸಿಡಬೇಕು. ಅವನ್ನು ಅಳಿಸಬಾರದು, ಲಿಪಿಕಾರನ ದೇಶಕಾಲಗಳನ್ನು ವಿಚಾರಿಸುವಾಗ ಅವೇ ಬೇಕಾಗುತ್ತವೆ.

ಇನ್ನು ಸಾಮ್ಯಗಣನೆ. ಗೋಮ್ಮಟಸಾರದ ವೃತ್ತಿಕಾರರು ಗಹನವಾದ ಗಣಿತವನ್ನು ಸಣ್ಣ ಸಂಖ್ಯೆಗಳಿಂದ ತಿಳಿಯಪಡಿಸುವ ಅಂಕಸಂದೃಷ್ಟಿಯ ಮಾರ್ಗವನ್ನು ಇಲ್ಲಿಯೂ ಹಿಡಿಯೋಣ. ಈ ಮುಂದಿನ ಅಂಕಿಗಳು ಯಾವ ನಿಜವಾದ ಗ್ರಂಥದವೂ ಅಲ್ಲ. ಕ, ಖ, ಗ, ಘ ಎಂಬ ನಾಲ್ಕು ಪ್ರತಿಗಳು, ಪರಿಶೀಲಿಸಿದ ಪಾಠಸ್ಥಾನಗಳು 200 ಎಂದಿರಲಿ. ಕ-ಖಗಳು 184 ಕಡೆ ಒಮ್ಮತವಾಗಿವೆ. ಸಾಮ್ಯ ಶೇಕಡಾ 92. ಕ-ಗಗಳು 128 ಕಡೆ, ಶೇಕಡಾ 64. ಘ ಪ್ರತಿಯಲ್ಲಿ ಬಹುಭಾಗ ಗರಿಗಳು ಲುಪ್ತವಾಗಿ 80 ಸ್ಥಾನಗಳು ಮಾತ್ರ ಉಳಿದಿವೆ; ಅವುಗಳಲ್ಲಿ 72 ಕಡೆ ಅದು ಕ ಪ್ರತಿಯೊಡನೆ ಕೂಡುತ್ತದೆ. ಉಳಿದ ಭಾಗವನ್ನು ಆಧಾರವಾಗಿಟ್ಟರೆ ಸಾಮ್ಯ ಶೇಕಡಾ 90. ಆದರೆ 72ನ್ನು 200ರಿಂದ ಭಾಗಿಸಿದರೆ ಶೇಕಡಾ 36 ಬರುತ್ತದೆ! ಮೊದಲ ಗಣನೆಯಲ್ಲಿ ಘ ಪ್ರತಿಯು ಕ ಪ್ರತಿಯ ಬಂಧು. ಎರಡನೆಯದರಲ್ಲಿ ಗ ಪ್ರತಿಗಿಂತಲೂ ದೂರದ ಪರಕೀಯ. ಎರಡನೆಯ ಚಿತ್ರವನ್ನು ನಂಬಿದ ಸಂಪಾದಕನು ಘ ಪ್ರತಿಯನ್ನು ಭ್ರಷ್ಟವೆಂದು ಕೈಬಿಟ್ಟರೆ, ಅದರಲ್ಲಿ ಮಾತ್ರ ಉಳಿದಿರಬಹುದಾದ ಶುದ್ಧಪಾಠಗಳೂ ಅದರೊಡನೆ ಹೋಗುತ್ತವೆ.

ಯಂತ್ರವು ತಾನಾಗಿ ಮಾಡುವುದು ಈ ಎರಡನೆಯ ಗಣನೆಯನ್ನೇ ಎಂಬುದನ್ನು ಗಮನಿಸಬೇಕು. ಪಾಂಡಾಸಿನ ಸಾಮಾನ್ಯ ವ್ಯವಸ್ಥೆಯಲ್ಲಿ ಖಾಲಿ ಮನೆಯನ್ನು ಯಾವುದರೊಡನೆ ಹೋಲಿಸಿದರೂ ಉತ್ತರ ‘ಸಮವಲ್ಲ’ ಎಂದೇ. ಇನ್ನೊಂದು ಖಾಲಿ ಮನೆಯೊಡನೆ ಹೋಲಿಸಿದರೂ ಅಷ್ಟೇ. ಲೋಪವೆಲ್ಲ ಭೇದವಾಗಿ ಎಣಿಕೆಗೆ ಸೇರುತ್ತದೆ. ಇದನ್ನು ತಪ್ಪಿಸಲೆಂದು ಖಾಲಿ ಮನೆಗಳಲ್ಲಿ ಅಡ್ಡಗೆರೆ ಎಳೆದಿಟ್ಟರೆ ವಿಪರೀತವಾದ ದೋಷ ಬರುತ್ತದೆ: ಗೆರೆಗೆ ಗೆರೆ ಸಮವಾಗಿ, ಒಂದೇ ಭಾಗವನ್ನು ಹುಳು ತಿಂದ ಎರಡು ಪ್ರತಿಗಳು ಸೋದರಪ್ರತಿಗಳೆನಿಸಿಬಿಡುತ್ತವೆ. ಸರಿಯಾದ ಕ್ರಮವೆಂದರೆ, ಎರಡೂ ಪ್ರತಿಗಳಲ್ಲಿ ಪಾಠ ಉಳಿದಿರುವ ಸ್ಥಾನಗಳನ್ನು ‘ನಾಟ್‌ಎನ್‌ಎ’ ಎಂಬ ಪರೀಕ್ಷೆಯಿಂದ ಮೊದಲು ಆರಿಸಿ, ಅವುಗಳಲ್ಲಿ ಸಮವಾದವನ್ನು ಎಣಿಸಿ, ಹಾಗೆ ಆರಿಸಿದ ಸ್ಥಾನಗಳ ಸಂಖ್ಯೆಯಿಂದಲೇ ಭಾಗಿಸುವುದು. ಪಾಠ ಭಿನ್ನವೆಂಬುದು ಒಂದು ಜ್ಞಾನ. ಪಾಠ ತಿಳಿಯದೆಂಬುದು ಜ್ಞಾನದ ಅಭಾವ. ಸಪ್ತಭಂಗಿಯ ಪರಿಚಯವುಳ್ಳವರಿಗೆ ಈ ಖಾಲಿ ಮನೆಯನ್ನು ‘ಸ್ಯಾದವಕ್ತವ್ಯ’ವೆನ್ನುವ ಆಸೆ ಆಗಬಹುದು, ಅದು ಸಲ್ಲದು. ಅಸ್ತಿ-ನಾಸ್ತಿಗಳನ್ನು ಏಕಕಾಲದಲ್ಲಿ ನುಡಿಯಲಾಗದಿರುವುದು ಅವಕ್ತವ್ಯ. ಗರಿ ಕಳೆದುಹೋದುದು ಕೇವಲ ನಮ್ಮ ದುರ್ದೈವ.

ಹೀಗೆ ಸಿದ್ಧವಾದ ಶೇಕಡಾವಾರು ಕೋಷ್ಟಕವನ್ನು ಸೀಬಾರ್ನಿನ ‘ಹೀಟ್‌ಮ್ಯಾಪ್’ ಆಜ್ಞೆಗೆ ಕೊಟ್ಟರೆ ಚಿತ್ರ ಬರುತ್ತದೆ. ಆದರೆ ಹಾಗೆಯೇ ಒಪ್ಪಬಾರದು. ವರ್ಣಮಾನದ ಎರಡು ತುದಿಗಳನ್ನು ನಾವು ಹೇಳದಿದ್ದರೆ, ಕೋಷ್ಟಕದ ಕನಿಷ್ಠ ಹಾಗೂ ಗರಿಷ್ಠ ಸಂಖ್ಯೆಗಳನ್ನೇ ಅದು ತುದಿಗಳಾಗಿ ಹಿಡಿಯುತ್ತದೆ. ಎಲ್ಲ ಪ್ರತಿಗಳೂ ಶೇಕಡಾ 88ರಿಂದ 93ರ ಒಳಗೆ ಕೂಡುತ್ತಿದ್ದರೂ 88 ಅಮಾವಾಸ್ಯೆಯಂತೆಯೂ 93 ಹುಣ್ಣಿಮೆಯಂತೆಯೂ ಕಾಣುತ್ತವೆ. ‘ವಿಮಿನ್’, ‘ವಿಮ್ಯಾಕ್ಸ್’ ಎಂಬ ಎರಡು ಸೂಚನೆಗಳಿಂದ ಮಿತಿಗಳನ್ನು ನಿಶ್ಚಯಿಸಿ, ಗ್ರಂಥದ ಎಲ್ಲ ಅಧಿಕಾರಗಳಿಗೂ ಅದೇ ಮಿತಿಗಳನ್ನು ಇರಿಸಿದರೆ ಮಾತ್ರ ಒಂದು ಅಧಿಕಾರದ ಚಿತ್ರವನ್ನು ಇನ್ನೊಂದರೊಡನೆ ಹೋಲಿಸಲು ಬರುತ್ತದೆ. ಪ್ರತಿಯು ತನ್ನೊಡನೆ ತಾನು ನೂರಕ್ಕೆ ನೂರು ಕೂಡುವುದು ಸ್ವತಃಸಿದ್ಧ. ಕರ್ಣರೇಖೆಯ ಆ ಮನೆಗಳನ್ನೂ, ಪುನರುಕ್ತವಾದ ಮೇಲಿನ ಅರ್ಧವನ್ನೂ ‘ಮಾಸ್ಕ್’ ಸೂಚನೆಯಿಂದ ಮುಚ್ಚಬಹುದು. ಸಂಖ್ಯೆಯಿಲ್ಲದ ಮನೆಗಳನ್ನು ಸೀಬಾರ್ನ್ ತಾನೇ ಬಣ್ಣವಿಲ್ಲದೆ ಬಿಡುತ್ತದೆ. ಅಲ್ಲಿ ಸೊನ್ನೆ ತುಂಬುವ ಉಪಕಾರವನ್ನು ನಾವು ಮಾಡದಿದ್ದರೆ ಸಾಕು.

ಬಣ್ಣಗಳ ಆಯ್ಕೆ ‘ಸಿಮ್ಯಾಪ್’ ಸೂಚನೆಗೆ ಸೇರಿದ್ದು. ಲೇಶ್ಯಾಮಾರ್ಗಣೆಯನ್ನು ಓದಿದವರಿಗೆ ವರ್ಣಗಳಿಂದ ತಾರತಮ್ಯವನ್ನು ತಿಳಿಸುವ ಮಾತು ಹೊಸದಲ್ಲ. ಕೃಷ್ಣದಿಂದ ಶುಕ್ಲದವರೆಗೆ ಅಲ್ಲಿ ಒಂದು ನಿಶ್ಚಿತ ಕ್ರಮವಿದೆ. ಇಲ್ಲಿಯೂ ಕಡು-ತೆಳು ಛಾಯೆಗಳು ಸಂಖ್ಯೆಯೊಡನೆ ಕ್ರಮವಾಗಿ ಏರಬೇಕು. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಬಹುಕಾಲ ಮೂಲವರ್ಣಮಾಲೆಯಾಗಿದ್ದ ‘ಜೆಟ್’ ಎಂಬ ಕಾಮನಬಿಲ್ಲಿನ ಮಾದರಿಯಲ್ಲಿ ಈ ಗುಣವಿರಲಿಲ್ಲ; ನಡುವಿನ ಹಳದಿಯೇ ಎದ್ದು ಕಾಣುತ್ತಿತ್ತು. 2017ರ ಎರಡನೆಯ ಆವೃತ್ತಿಯಿಂದ ಅದರ ಸ್ಥಾನಕ್ಕೆ ‘ವಿರಿಡಿಸ್’ ಬಂದಿದೆ. ಕಪ್ಪುಮಸಿಯಲ್ಲಿ ಅಚ್ಚಾದರೂ ಇದರ ಕ್ರಮ ಕೆಡುವುದಿಲ್ಲವೆಂಬುದು ನಮ್ಮಂಥ ಪತ್ರಿಕೆಗಳಿಗೆ ದೊಡ್ಡ ಅನುಕೂಲ. ಆದರೆ ವಿರಿಡಿಸ್‌ನಲ್ಲಿ ಹೆಚ್ಚಿನ ಸಂಖ್ಯೆ ತಿಳಿಯಾಗಿಯೂ, ‘ಗ್ರೇಸ್’ ಎಂಬ ಬೂದುಮಾಲೆಯಲ್ಲಿ ಅದೇ ಸಂಖ್ಯೆ ಕಡುವಾಗಿಯೂ ಬರುವುದರಿಂದ, ಪಕ್ಕದ ವರ್ಣಪಟ್ಟಿಯನ್ನು ಎಂದಿಗೂ ತೆಗೆಯಬಾರದು. ಅಕ್ಷರಗಳ ಸಂಗತಿಯನ್ನೂ ಹೇಳಬೇಕು: ಕನ್ನಡವುಳ್ಳ ಫಾಂಟನ್ನು ಹೆಸರಿಸದಿದ್ದರೆ ಖಾಲಿ ಚೌಕಗಳು ಬರುತ್ತವೆ, ಹೆಸರಿಸಿದರೂ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುವುದುಂಟು. ಪ್ರತಿಗಳಿಗೆ ಕ, ಖ, ಗ ಎಂಬ ಒಂಟಿ ಸಂಕೇತಾಕ್ಷರಗಳನ್ನಿಡುವ ಹಳೆಯ ರೂಢಿ ಇಲ್ಲಿ ಕೈಹಿಡಿಯುತ್ತದೆ.

ಸಾಲುಗಳ ಕ್ರಮವೂ ಅರ್ಥವನ್ನು ಬದಲಿಸುತ್ತದೆ. ಸದೃಶಪ್ರತಿಗಳನ್ನು ಅಕ್ಕಪಕ್ಕಕ್ಕೆ ತಂದು ಬದಿಯಲ್ಲಿ ಕವಲುಚಿತ್ರವನ್ನು ಬಿಡಿಸುವ ‘ಕ್ಲಸ್ಟರ್‌ಮ್ಯಾಪ್’ ಎಂಬ ಆಜ್ಞೆಯಿದೆ. ಅದು ಖಾಲಿ ಮನೆಗಳನ್ನು ಸಹಿಸುವುದಿಲ್ಲ. ಎರಡು ಪ್ರತಿಗಳ ಉಳಿದ ಭಾಗಗಳು ಎಲ್ಲಿಯೂ ಒಂದರೊಡನೊಂದು ಕೂಡದಿದ್ದರೆ ಕೆಲಸ ನಿಲ್ಲುತ್ತದೆ. ಆಗ ಸೊನ್ನೆ ತುಂಬಿ ಮುಂದುವರಿಯುವುದಕ್ಕಿಂತ, ಅತ್ಯಂತ ತ್ರುಟಿತವಾದ ಪ್ರತಿಯನ್ನು ಬೇರೆಯಾಗಿ ವಿಚಾರಿಸುವುದು ಮೇಲು. ಆ ಕವಲುಚಿತ್ರವನ್ನು ಪ್ರತಿಗಳ ವಂಶವೃಕ್ಷವೆಂದು ಭ್ರಮಿಸುವವರಿದ್ದಾರೆ. ಮೂಲದ ಶುದ್ಧಪಾಠವನ್ನು ಎರಡು ಪ್ರತಿಗಳು ಉಳಿಸಿಕೊಂಡಿದ್ದರೆ ಅವುಗಳ ನಡುವೆ ವಿಶೇಷ ಬಾಂಧವ್ಯ ಸಿದ್ಧಿಸುವುದಿಲ್ಲ. ಒಂದೇ ದೋಷವನ್ನು ಎರಡೂ ಹೊತ್ತಿದ್ದರೆ, ಅದು ಇಬ್ಬರು ಲಿಪಿಕಾರರಿಗೆ ಪ್ರತ್ಯೇಕವಾಗಿ ಸಂಭವಿಸುವಂಥದಲ್ಲದಿದ್ದರೆ, ಆಗ ಸಿದ್ಧಿಸುತ್ತದೆ. ಸಮದೋಷಗಳ ಈ ತತ್ತ್ವವು ಯಂತ್ರಕ್ಕೆ ತಿಳಿಯದು. ಸ್ಪಷ್ಟದೋಷಗಳ ಸ್ಥಾನಗಳನ್ನು ಮಾತ್ರ ಆರಿಸಿ ಎರಡನೆಯ ವರ್ಣಕೋಷ್ಟಕವನ್ನು ರಚಿಸಿ, ಮೊದಲನೆಯದರ ಪಕ್ಕದಲ್ಲಿಟ್ಟು ನೋಡಿದಾಗ ನಿಜವಾದ ವಿಚಾರ ಆರಂಭವಾಗುತ್ತದೆ.

ಮನೆಗಳಲ್ಲಿ ಅಂಕಿಗಳನ್ನು ಮುದ್ರಿಸುವ ‘ಅನಾಟ್’ ಸೂಚನೆಗೆ ಬೇರೊಂದು ಕೋಷ್ಟಕವನ್ನೂ ಕೊಡಬಹುದೆಂಬುದು ಅನೇಕರ ಗಮನಕ್ಕೆ ಬಂದಿಲ್ಲ. ಬಣ್ಣವು ಶೇಕಡಾ ಸಾಮ್ಯವನ್ನು ತೋರಲಿ. ಅಂಕಿಯು ಆ ಸಾಮ್ಯಕ್ಕೆ ಆಧಾರವಾದ ಸ್ಥಾನಗಳ ಸಂಖ್ಯೆಯನ್ನು ಹೇಳಲಿ. ನಮ್ಮ ಸಂದೃಷ್ಟಿಯಲ್ಲಿ ಕ-ಖ ಮನೆಗೂ ಕ-ಘ ಮನೆಗೂ ಹೆಚ್ಚುಕಡಿಮೆ ಒಂದೇ ಬಣ್ಣ. ಆದರೆ ಒಂದರಲ್ಲಿ 200, ಇನ್ನೊಂದರಲ್ಲಿ 80 ಎಂದು ಬರೆದಿರುತ್ತದೆ.